ಗಾಡಿ ನಿಲ್ಲದ ದಿನಗಳು

ಅಗ್ನಿಶಾಮಕ ಠಾಣೆಯಲ್ಲಿ ನಮ್ಮ ಭಾವನನ್ನು ಎಲ್ಲರೂ ಕಿವಿ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಅವರ ಕಿವಿಗಳೇನೂ ದೊಡ್ಡವಲ್ಲ. ಇಂಜಿನ್ ಕೆಟ್ಟರೆ ಬೇರೆ ಮೆಕ್ಯಾನಿಕ್ಕುಗಳು ಮುಚ್ಚಳ ಬಿಚ್ಚುತ್ತಾರೆ. ಇವರು ಮೊದಲು ಒಂದು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿನ ಮೈಗೆ ಊರಿ, ಅದರ ಮರದ ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿಕೊಂಡು ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಎರಡು ನಿಮಿಷ ಯಾರೂ ಮಾತಾಡುವಂತಿಲ್ಲ. ಆಮೇಲೆ ಕಣ್ಣು ಬಿಟ್ಟು, "ಮೂರನೇದು ಸ್ವಲ್ಪ ಒಣಗಿದೆ" ಎಂದೋ, "ಬೆಲ್ಟು ಗೊಣಗ್ತಿದೆ" ಎಂದೋ ಹೇಳುವರು. ಬಿಚ್ಚಿ ನೋಡಿದರೆ ಅದೇ ಇರುತ್ತಿತ್ತು. ಮನೆಯಲ್ಲಿ ಮಾತ್ರ ಈ ವಿದ್ಯೆ ಯಾವ ಉಪಯೋಗಕ್ಕೂ ಬರಲಿಲ್ಲ. ಅಕ್ಕ ಮೂರು ಸಲ ಕೂಗಿದರೂ ಊಟಕ್ಕೆ ಏಳುತ್ತಿರಲಿಲ್ಲ. "ನಾನೂ ಒಂದು ಇಂಜಿನ್ ಕಟ್ಟಿಸ್ಕೋಬೇಕು, ಆಗ ಕೇಳಿಸ್ಬಹುದು," ಎಂದು ಅವಳು ತಟ್ಟೆ ಸದ್ದು ಮಾಡುತ್ತಿದ್ದಳು.

ನಾನು ಆ ಅಕ್ಕನ ತಂಗಿ. ಅಪ್ಪ ಅಮ್ಮ ಹೋದ ಮೇಲೆ ಅವರ ಮನೆಯ ಹಿಂದಿನ ಕೋಣೆಗೆ ಬಂದವಳು ಅಲ್ಲೇ ಬೇರು ಬಿಟ್ಟೆ. ಅವರಿಗೆ ಮಕ್ಕಳಿರಲಿಲ್ಲ, ತಲೆನೋವಿಗೆ ಇವಳೊಬ್ಬಳು ಸಾಕು ಎಂದು ಭಾವ ತಮಾಷೆ ಮಾಡುವರು. ಠಾಣೆಯಲ್ಲಿ ಗುಮಾಸ್ತೆಯ ಕೆಲಸ ಖಾಲಿಯಾದಾಗ ಅರ್ಜಿ ತಂದುಕೊಟ್ಟವರೂ ಅವರೇ. ಬೆಳಿಗ್ಗೆ ಒಂದೇ ಸ್ಕೂಟರಿನಲ್ಲಿ ಹೋಗಿ ಸಂಜೆ ಒಂದೇ ಸ್ಕೂಟರಿನಲ್ಲಿ ಬರುತ್ತಿದ್ದೆವು. ಓಡಿಸುವವಳು ನಾನು. ಲೋಕದ ಗಾಡಿಗಳನ್ನೆಲ್ಲ ರಿಪೇರಿ ಮಾಡುವ ಮನುಷ್ಯ ಹಿಂದೆ ಕೂತು ಜೀವ ಕೈಯಲ್ಲಿ ಹಿಡಿದುಕೊಂಡು ಬರುತ್ತಿದ್ದರು.

ಠಾಣೆ ದೊಡ್ಡದೇನಲ್ಲ. ಎತ್ತರದ ಕಬ್ಬಿಣದ ಬಾಗಿಲು, ಅದರ ಹಿಂದೆ ಒಂದೇ ಒಂದು ಬೆಂಕಿ ಗಾಡಿ, ಪಕ್ಕದಲ್ಲಿ ಭಾವನ ವರ್ಕ್‌ಶಾಪು, ಮಹಡಿಯಲ್ಲಿ ಪಾಳಿಯವರ ಮಂಚಗಳು, ಮೆಟ್ಟಿಲ ಕೆಳಗೆ ನನ್ನ ಮೇಜು. ಮೇಜಿನ ಎದುರು ಗೋಡೆಯಲ್ಲಿ ಒಂದು ಕಪ್ಪು ಹಲಗೆ. ಅದರ ಮೇಲೆ ಬಿಳಿ ಬಣ್ಣದಲ್ಲಿ ಅಳಿಸಲಾಗದಂತೆ ಬರೆದಿತ್ತು: ಗಾಡಿ ನಿಲ್ಲದ ದಿನಗಳು. ಅದರ ಮುಂದೆ ಸೀಮೆಸುಣ್ಣದಲ್ಲಿ ಒಂದು ಸಂಖ್ಯೆ. ದಿನಾ ಬೆಳಿಗ್ಗೆ ಎಂಟಕ್ಕೆ ಹಳೆಯದನ್ನು ಒರೆಸಿ, ಒಂದು ಕೂಡಿಸಿ ಬರೆಯುವುದು ನನ್ನ ಕೆಲಸ. ಗಾಡಿ ರಿಪೇರಿಗೆಂದು ಒಂದು ದಿನ ನಿಂತರೂ ಮತ್ತೆ ಸೊನ್ನೆಯಿಂದ ಶುರು. ಈ ಗಾಡಿ ಬಂದ ಮೇಲೆ ಅಲ್ಲಿ ಸೊನ್ನೆ ಬಿದ್ದಿರಲಿಲ್ಲ. ಮೇಲಿನವರು ಯಾರಾದರೂ ಬಂದರೆ ನಮ್ಮ ಸಾಹೇಬರು ಅವರನ್ನು ಆ ಹಲಗೆಯ ಮುಂದೆಯೇ ನಿಲ್ಲಿಸಿ ಚಹಾ ಕೊಡಿಸುತ್ತಿದ್ದರು. ಭಾವ ಅತ್ತ ನೋಡದವರಂತೆ ನಟ್ಟು ತೊಳೆಯುತ್ತಾ ಕೂತಿರುವರು. ಆದರೆ ಒಮ್ಮೆ ನಾನು ಸಂಖ್ಯೆ ಬದಲಿಸಲು ಮರೆತಾಗ, ಹನ್ನೊಂದು ಗಂಟೆಯೊಳಗೆ ಮೂರು ಸಲ ನನ್ನ ಮೇಜಿನ ಮುಂದೆ ಬಂದು ಕೆಮ್ಮಿ ಹೋದರು.

ಗಾಡಿಯ ಜೊತೆ ಕಂಪನಿಯವರು ಹಳದಿ ಕಾರ್ಡುಗಳ ಒಂದು ಕಟ್ಟು ಕಳಿಸಿದ್ದರು. ಮೇಲೆ 'ದೋಷ ವರದಿ' ಎಂದು ಅಚ್ಚಾಗಿತ್ತು. ಗಾಡಿಯಲ್ಲಿ ಸಣ್ಣ ಐಬು ಕಂಡರೂ ಅದನ್ನು ಬರೆದು ಅಂಚೆಗೆ ಹಾಕಬೇಕು. ಹಾಕಿದ ಮೇಲೆ ಕಂಪನಿಯವನು ಬಂದು ನೋಡುವ ತನಕ ಗಾಡಿ ಕದಲುವಂತಿಲ್ಲ. ನಮ್ಮಲ್ಲಿರುವುದು ಒಂದೇ ಗಾಡಿ. ಪಕ್ಕದ ಠಾಣೆಯದು ಬರಬೇಕಾದರೆ ನಲವತ್ತು ನಿಮಿಷ. "ಕಂಪನಿಯೋನು ಬಂದು ಕನ್ನಡಕ ಒರೆಸ್ಕೊಳ್ಳೋ ಹೊತ್ತಿಗೆ ಊರೇ ಬೂದಿ ಆಗಿರುತ್ತೆ," ಎನ್ನುತ್ತಿದ್ದರು ಭಾವ. ಅವರೊಬ್ಬರೇ ಅಲ್ಲ, ಎಲ್ಲ ಠಾಣೆಗಳಲ್ಲೂ ಹಾಗೇ. ಕಾರ್ಡು ಬರೆಯುವವನು ಕೈಲಾಗದವನು. ಮೆಕ್ಯಾನಿಕ್ ಅಂದ ಮೇಲೆ ಸರಿ ಮಾಡಬೇಕು, ಪತ್ರ ಬರೆಯಬಾರದು. ಹೀಗಾಗಿ ಆ ಕಟ್ಟು ನನ್ನ ಖಾನೆಯಲ್ಲಿ ಕೊಳೆಯುತ್ತಿತ್ತು. ಹಿಂಬದಿ ಖಾಲಿ, ಕಾಗದ ಗಟ್ಟಿ. ನಾನು ಅವನ್ನು ಮನೆಗೆ ತಂದು ಅಕ್ಕನಿಗೆ ಕೊಟ್ಟೆ, ಅಂಗಡಿಗೆ ಪಟ್ಟಿ ಬರೆಯಲು. ನಮ್ಮ ಅಡುಗೆಮನೆಯ ಬಾಗಿಲ ಹಿಂದಿನ ಮೊಳೆಯಲ್ಲಿ ಸದಾ ಒಂದು ಹಳದಿ ಕಾರ್ಡು ನೇತಾಡುತ್ತಿತ್ತು.

ಹಲಗೆಯ ಮೇಲೆ ಸಾವಿರದ ಒಂಬೈನೂರ ಹನ್ನೊಂದು ಇದ್ದ ದಿನ ಬೆಳಿಗ್ಗೆ ನಡೆದದ್ದು ಇದು. ಪ್ರತಿ ಬೆಳಿಗ್ಗೆ ಗಾಡಿಯನ್ನು ಅಂಗಳಕ್ಕೆ ತಂದು, ನಿಲ್ಲಿಸುವ ಬ್ರೇಕು ಹಾಕಿ, ಪಂಪು ಚಾಲೂ ಮಾಡಿ ನೋಡುತ್ತಾರೆ. ಆ ಬ್ರೇಕಿಗೆ ಡ್ರೈವರಿನ ಮುಂದೆ ಒಂದು ಹಳದಿ ಗುಂಡಿ. ಎಳೆದರೆ ಗಾಳಿ ಹೊರಹೋಗಿ ಗಾಲಿಗಳು ಬಿಗಿಯುತ್ತವೆ; ಒಳಗೆ ತಳ್ಳಿದರೆ ಗಾಳಿ ತುಂಬಿ ಸಡಿಲವಾಗುತ್ತವೆ. ಭಾವ ಚಹಾ ಕುಡಿಯುತ್ತಿದ್ದವರು ಏನೋ ಕೇಳಿಸಿದಂತೆ ಲೋಟ ಹಿಡಿದ ಕೈಯನ್ನೇ ಮೇಲೆತ್ತಿದರು.

"ಗುಂಡಿ ಎಳೆದಿದೀಯಾ?"

"ಎಳೆದಿದೀನಿ ಮೇಸ್ತ್ರಿ, ನೋಡಿ ಬೇಕಾದ್ರೆ," ಎಂದ ನಮ್ಮ ಡ್ರೈವರ್.

"ಇಂಜಿನ್ ಏರ್ಸು."

ಪಂಪಿಗೆ ಒತ್ತಡ ಬರಲೆಂದು ಅವನು ಇಂಜಿನ್ ಏರಿಸಿದ. ಎಲ್ಲೋ 'ಸ್ಸ್' ಎಂದು ಸಣ್ಣ ಸದ್ದು. ಭಾವ ಹೇಳದಿದ್ದರೆ ನನಗೆ ಕೇಳುತ್ತಲೇ ಇರಲಿಲ್ಲ. ಗುಂಡಿ ಎಳೆದೇ ಇತ್ತು, ಆದರೂ ಅಷ್ಟು ದೊಡ್ಡ ಗಾಡಿ ಅಂಗಳದ ಇಳಿಜಾರಿನಲ್ಲಿ ಹಿಂದಕ್ಕೆ ಒಂದು ಗೇಣು ಸರಿಯಿತು. ಸರಿದು, ತಾನೇನೂ ಮಾಡಿಲ್ಲವೆಂಬಂತೆ ನಿಂತಿತು.

ಭಾವ ಆ ಗುಂಡಿಯ ಹಿಂದಿನ ವಾಲ್ವನ್ನು ಬಿಚ್ಚಿ ತಂದು ಬಟ್ಟೆಯ ಮೇಲೆ ಹರಡಿಕೊಂಡರು. ಅದರೊಳಗೆ ಅಂಗಿಯ ಗುಂಡಿಯಷ್ಟಗಲದ ಪ್ಲಾಸ್ಟಿಕ್ ಬಿಲ್ಲೆ. ಅದರಲ್ಲಿ ಕೂದಲೆಳೆಯಂಥ ಬಿರುಕು. ಇಂಜಿನ್ ಏರಿದಾಗ ಆ ಬಿರುಕಿನಿಂದ ಗಾಳಿ ನುಸುಳಿ ಬ್ರೇಕನ್ನು ತಾನಾಗಿ ಬಿಡಿಸುತ್ತಿತ್ತು. ಭಾವ ಲೇತ್ ಯಂತ್ರದ ಮುಂದೆ ಕೂತು ಹಿತ್ತಾಳೆಯಲ್ಲಿ ಅದೇ ಅಳತೆಯ ಬಿಲ್ಲೆ ಕಡೆದರು. ಮಧ್ಯಾಹ್ನದ ಊಟದೊಳಗೆ ಗಾಡಿ ಸಿದ್ಧ. ನನಗೆ ತೋರಿಸಲು ಬಿರುಕಿನ ಬಿಲ್ಲೆಯನ್ನು ಬೆರಳ ತುದಿಯಲ್ಲಿಟ್ಟುಕೊಂಡು ಬಂದರು.

"ಕಂಪನಿಯೋರದ್ದು ಪ್ಲಾಸ್ಟಿಕ್ಕು. ನಮ್ದು ಹಿತ್ತಾಳೆ. ನಾನು ಸತ್ತ ಮೇಲೂ ಇರುತ್ತೆ."

"ಕಾರ್ಡು ಬೇಕಾ ಭಾವ?" ಎಂದು ನಾನು ನಗುತ್ತಾ ಕೇಳಿದೆ.

"ಪಟ್ಟಿ ಬರೆಯೋಕೆ ಇಟ್ಕೋ."

ಬಿಲ್ಲೆಯನ್ನು ಸಾಹೇಬರಿಗೂ ತೋರಿಸಿ, ಒಂದು ಖಾಲಿ ಮುಲಾಮಿನ ಡಬ್ಬಿಗೆ ಹಾಕಿ ವರ್ಕ್‌ಶಾಪಿನ ಕಿಟಕಿಯ ಮೇಲಿಟ್ಟರು. ಮರುದಿನ ನಾನು ಸಾವಿರದ ಒಂಬೈನೂರ ಹನ್ನೆರಡು ಎಂದು ಬರೆದೆ. ಅಂಕಿಗಳು ದುಂಡಗೆ ಬಂದಿದ್ದವು, ಇವತ್ತಿಗೂ ನೆನಪಿದೆ.

ಒಂಬತ್ತು ತಿಂಗಳ ಮೇಲೆ ಆ ಲಕೋಟೆ ಬಂತು. ಟಪಾಲು ಒಡೆಯುವವಳು ನಾನೇ, ಹಾಗಾಗಿ ಮೊದಲು ಓದಿದವಳೂ ನಾನೇ. ಕಂಪನಿ ಬರೆದಿತ್ತು: ನಮ್ಮ ಗಾಡಿಯದೇ ಮಾದರಿಯ ಇನ್ನೊಂದು ಗಾಡಿ ಬೇರೊಂದು ಊರಿನಲ್ಲಿ ಬೆಂಕಿ ಆರಿಸುತ್ತಿದ್ದಾಗ ಇಳಿಜಾರಿನಲ್ಲಿ ಹಿಂದಕ್ಕೆ ಉರುಳಿ ಪೈಪು ಹಿಡಿದಿದ್ದ ಒಬ್ಬರನ್ನು ಗೋಡೆಗೆ ಒತ್ತಿ ಕೊಂದಿದೆ. ಎರಡು ತಿಂಗಳಾಯಿತು. ಆ ಗಾಡಿಯ ಬ್ರೇಕಿನ ವಾಲ್ವಿನಲ್ಲಿ ಒಂದು ಸಣ್ಣ ಬಿರುಕು ಕಂಡಿದ್ದು, ಅದು ಡಿಕ್ಕಿಯ ಪೆಟ್ಟಿಗೆ ಆದದ್ದಿರಬಹುದು. ಬಳಕೆಯಲ್ಲಿದ್ದಾಗ ಇಂಥ ಬಿರುಕು ಬಿಟ್ಟ ಬಗ್ಗೆ ಇದುವರೆಗೆ ಯಾವ ಠಾಣೆಯಿಂದಲೂ ದೂರು ಬಂದಿಲ್ಲ. ಆದರೂ ಮುಂಜಾಗ್ರತೆಯಾಗಿ ಎಲ್ಲ ಗಾಡಿಗಳ ವಾಲ್ವನ್ನೂ ಹಿಂಪಡೆದು ಹೊಸದು ಕೊಡಲಾಗುವುದು; ಎರಡು ತಿಂಗಳು ಬೇಕು. ಅಲ್ಲಿಯವರೆಗೆ ಗಾಡಿ ನಿಲ್ಲಿಸಿದಾಗಲೆಲ್ಲ ಗಾಲಿಗೆ ಮರದ ಅಡ್ಡಗಟ್ಟೆ ಇಡತಕ್ಕದ್ದು. ಜೊತೆಗೆ ನಮ್ಮ ಇಲಾಖೆಯ ಸುತ್ತೋಲೆ: ಆ ಗಾಡಿಯ ಡ್ರೈವರ್ ಬ್ರೇಕು ಹಾಕಿರಲಿಲ್ಲವೆಂದು ಮೇಲುನೋಟಕ್ಕೆ ಸಾಬೀತಾಗಿದ್ದು ಆತನನ್ನು ಕೆಲಸದಿಂದ ದೂರ ಇಡಲಾಗಿದೆ, ಕೊನೆಯ ವಿಚಾರಣೆ ಇದೇ ತಿಂಗಳ ಇಪ್ಪತ್ತಕ್ಕೆ.

ಸುಳ್ಳು ಹೇಳುವುದಿಲ್ಲ. 'ಯಾವ ಠಾಣೆಯಿಂದಲೂ ದೂರು ಬಂದಿಲ್ಲ' ಎಂಬಲ್ಲಿ ಕಣ್ಣು ನಿಂತುಬಿಟ್ಟಿತು. ಆಮೇಲೆ ಏನು ಮಾಡಿದೆ? ಠಸ್ಸೆ ಒತ್ತಿ, ನಂಬರು ಹಾಕಿ, ಸಾಹೇಬರ ಮೇಜಿನ ಮೇಲಿಟ್ಟೆ. ಸಾಹೇಬರು ಓದಿದರು, ವರ್ಕ್‌ಶಾಪಿನ ಕಿಟಕಿಯ ಕಡೆ ನೋಡಿದರು, ಭಾವನನ್ನು ಕರೆದು ಕೊಟ್ಟರು. ಭಾವ ನಿಂತೇ ಓದಿದರು. ಮೂವರಿಗೂ ಗೊತ್ತಿತ್ತು. ಮೂವರೂ ತುಟಿ ಪಿಟಕ್ಕೆನ್ನಲಿಲ್ಲ. ಮನೆಯಲ್ಲಿ ಬಾಯಿಬಡುಕಿ ಎಂದು ಹೆಸರು ಪಡೆದ ನಾನು ಅಂದು ಬಾಯಿಗೆ ಬೀಗ ಹಾಕಿಕೊಂಡು ಸ್ಕೂಟರ್ ಓಡಿಸಿದೆ.

ಮರುದಿನ ಸ್ಕೂಟರ್ ತೆಗೆಯಲು ಹೋದರೆ ಹಿಂದಿನ ಗಾಲಿಗೆ ಇಟ್ಟಿಗೆ ಅಡ್ಡ ಇತ್ತು. ನೋಡದೆ ತಳ್ಳಿ ಮುಗ್ಗರಿಸಿದೆ. "ಏನ್ ಭಾವ, ನಾನು ಓಡಿಹೋಗ್ತೀನಿ ಅಂತ ಭಯಾನಾ?" ಎಂದೆ. ಅವರು ನಗಲಿಲ್ಲ. ಒಂದು ವಾರದಲ್ಲಿ ಅಕ್ಕನ ಹೊಲಿಗೆ ಯಂತ್ರದ ಕಬ್ಬಿಣದ ಗಾಲಿಗಳಿಗೆ ನಾಲ್ಕು ಮರದ ತುಂಡು ಬಂದವು. ಆಮೇಲೆ ಗ್ಯಾಸ್ ಸಿಲಿಂಡರಿನ ಗಾಲಿಮಣೆಗೆ. ಆಮೇಲೆ ಪಕ್ಕದ ಮನೆಯ ಕೂಸಿನ ತಳ್ಳುಗಾಡಿಗೆ, ಆ ಮನೆಯಾಕೆ ಬಂದು, "ನಿಮ್ಮೋರು ನಮ್ಮ ಗಾಡಿ ಹತ್ರ ಯಾಕೆ ಬಗ್ತಾರೆ?" ಎಂದು ಅಕ್ಕನ ಜೊತೆ ಜಗಳ ತೆಗೆದಳು. ಅಕ್ಕನಿಗೆ ಏನೂ ಗೊತ್ತಿರಲಿಲ್ಲ. ಅವಳು ಗಂಡನನ್ನು ಬಿಟ್ಟುಕೊಡದೆ, "ನಿಮ್ಮ ಕೂಸು ಉರುಳ್ದೇ ಇರ್ಲಿ ಅಂತ ತಾನೇ?" ಎಂದು ಬಾಯಿ ಮುಚ್ಚಿಸಿ, ಒಳಗೆ ಬಂದು ನನ್ನನ್ನು ಕೇಳಿದಳು: "ಏನಾಗಿದೆಯೇ ಇವರಿಗೆ?" ನಾನು ಭುಜ ಕುಣಿಸಿದೆ.

ಸದ್ದುಗಳ ವಿಷಯ ಇನ್ನೂ ಕೆಟ್ಟದ್ದು. ಒಲೆ ಉರಿಯುವ ಸಣ್ಣ ಸದ್ದಿಗೆ ಭಾವ ಕೂತಲ್ಲಿಂದ ಎದ್ದು ಬರುವರು. ನಲ್ಲಿಯಲ್ಲಿ ನೀರು ಬರುವ ಮುಂಚೆ ಗಾಳಿ ಬರುತ್ತದಲ್ಲ, ಆಗ ಓಡಿಬಂದು ನಲ್ಲಿ ತಿರುಗಿಸಿ ನಿಲ್ಲಿಸುವರು. ವರ್ಕ್‌ಶಾಪಿನಲ್ಲಿ ಸ್ಕ್ರೂಡ್ರೈವರ್ ಕಿವಿಗಿಟ್ಟುಕೊಂಡು ನಿಂತರೆ ಎರಡು ನಿಮಿಷವಲ್ಲ, ಹತ್ತು ನಿಮಿಷವಾದರೂ ಕಣ್ಣು ಬಿಡುತ್ತಿರಲಿಲ್ಲ. "ಏನ್ ಕೇಳ್ಸುತ್ತೆ ಮೇಸ್ತ್ರಿ?" ಎಂದು ಡ್ರೈವರ್ ಕೇಳಿದರೆ, "ಅದೇ," ಎನ್ನುವರು. ಆ ಹಿತ್ತಾಳೆಯ ಬಿಲ್ಲೆ ಕೆಲಸ ಚೆನ್ನಾಗಿಯೇ ಮಾಡುತ್ತಿತ್ತು. ನಮ್ಮ ಗಾಡಿ ಒಂದು ಎಳೆಯಷ್ಟೂ ಕದಲುತ್ತಿರಲಿಲ್ಲ. ಭಾವನಿಗೆ ಕೇಳಿಸುತ್ತಿದ್ದದ್ದು ಬೇರೆ ಊರಿನ ಗಾಡಿಯ ಸದ್ದು ಎಂದು ನನಗೆ ಗೊತ್ತಿತ್ತು, ಏಕೆಂದರೆ ನನಗೂ ಆಗಾಗ ಕೇಳಿಸಲು ಶುರುವಾಗಿತ್ತು.

ಒಂದು ಭಾನುವಾರ ಬೆಳಿಗ್ಗೆ ಮನೆಯ ಮುಂದೆ ತರಕಾರಿಯವನು ಬಂದ. ಅಕ್ಕ ಆರಿಸುತ್ತಿದ್ದಳು, ಅವನು ತೂಗುತ್ತಿದ್ದ. ಭಾವ ಹೊರಗೆ ಬಂದು ಯಾರಿಗೂ ಹೇಳದೆ ಕೈಗಾಡಿಯ ಗಾಲಿಗೆ ಕಲ್ಲು ಇಟ್ಟರು. ವ್ಯಾಪಾರ ಮುಗಿಸಿ ಅವನು ಜೋರಾಗಿ ತಳ್ಳಿದ. ಗಾಡಿ ಕಲ್ಲಿಗೆ ತಡೆದು ವಾಲಿ, ಟೊಮೆಟೊ ಎಲ್ಲ ಬೀದಿಪಾಲಾಯಿತು. ಇಳಿಜಾರಿನಲ್ಲಿ ಉರುಳಿಕೊಂಡು ಹೋದವು. ಅವನು ಬೈಯಲು ಬಾಯಿ ತೆರೆದವನು ಭಾವನನ್ನು ನೋಡಿ ಸುಮ್ಮನಾದ. ಅವರು ಮೊಣಕಾಲೂರಿ ಒಂದೊಂದೇ ಟೊಮೆಟೊ ಆಯುತ್ತಿದ್ದರು. "ಹಿಂದೆ ಯಾರಾದ್ರೂ ಇದ್ರಾ? ಹಿಂದೆ ಯಾರಾದ್ರೂ ಇದ್ರಾ?" ಎಂದು ಕೇಳುತ್ತಲೇ ಇದ್ದರು.

ಅಕ್ಕ ಅವರನ್ನು ಒಳಗೆ ಕರೆತಂದು ಕೂರಿಸಿ, ನನ್ನ ಕಡೆ ತಿರುಗಿದಳು. "ಈಗ ಇಬ್ಬರಲ್ಲಿ ಒಬ್ಬರು ಹೇಳ್ತೀರಾ, ಇಲ್ಲ ನಾನೇ ಠಾಣೆಗೆ ಹೋಗಿ ಕೇಳ್ಲಾ?"

ನಾನೇ ಹೇಳಿದೆ. ಬಿಲ್ಲೆ, ಬಿರುಕು, ಪತ್ರ, ಸತ್ತವನು, ಇಪ್ಪತ್ತನೇ ತಾರೀಕಿನ ವಿಚಾರಣೆ, ಎಲ್ಲ. ಭಾವ ನೆಲ ನೋಡುತ್ತಿದ್ದವರು ಕೊನೆಯಲ್ಲಿ ಒಂದೇ ಮಾತು ಸೇರಿಸಿದರು: "ನಾನು ಅವತ್ತು ಬರೆದಿದ್ರೆ ಏಳು ತಿಂಗಳು ಮುಂಚೇನೇ ಎಲ್ಲ ಗಾಡೀನೂ ನಿಲ್ಲಿಸ್ತಿದ್ರು." ಅಕ್ಕ ಓದಿದ್ದು ಕಡಿಮೆ. ಅವಳಿಗೆ ವಾಲ್ವೂ ಗೊತ್ತಿಲ್ಲ, ಬಿಲ್ಲೆಯೂ ಗೊತ್ತಿಲ್ಲ. ಆದರೂ ಅವಳು, "ಆ ಡ್ರೈವರು ಬ್ರೇಕು ಹಾಕಿದ್ದ ಅಂತ ಹೇಳೋಕೆ ಈಗ ಯಾರಿದಾರೆ?" ಎಂದು ಕೇಳಿದಳು.

"ನಾನೊಬ್ನೇ," ಎಂದರು ಭಾವ.

"ಹೇಳಿದ್ರೆ ನಿಮ್ಗೇನಾಗುತ್ತೆ?"

"ಕೆಲಸ ಹೋಗುತ್ತೆ. ಬ್ರೇಕಿಗೆ ಕೈ ಹಾಕಿದ್ದು, ವರದಿ ಮಾಡ್ದೇ ಇದ್ದದ್ದು, ಎರಡೂ ತಪ್ಪೇ. ಅದು ಹೋದ್ರೆ ಹೋಗ್ಲಿ. ಆ ಸಾವು ನನ್ನ ಹೆಸರಿಗೆ ಬರುತ್ತೆ."

ಅಕ್ಕ ಅಡುಗೆಮನೆಗೆ ಹೋಗಿ ಬಾಗಿಲ ಹಿಂದಿನ ಮೊಳೆಯಿಂದ ಹಳದಿ ಕಾರ್ಡು ತೆಗೆದಳು. ಒಂದು ಬದಿಯಲ್ಲಿ ಅವಳ ಕೈಬರಹ: ಬದನೆ, ಸೋಪು, ಕಪ್ಪು ದಾರ ಎರಡು ಉಂಡೆ. ಇನ್ನೊಂದು ಬದಿಯಲ್ಲಿ ಯಾರೂ ತುಂಬದ ಗೆರೆಗಳು. ಸೆರಗಿನಿಂದ ಒರೆಸಿ ಗಂಡನ ಮುಂದಿಟ್ಟಳು. "ಆ ಡ್ರೈವರ್ ಮನೇಲೂ ಒಬ್ಳು ಹೆಂಡ್ತಿ ಇರ್ತಾಳೆ," ಎಂದಳು. ಭಾವ ನನ್ನ ಹತ್ತಿರ ಪೆನ್ನು ಕೇಳಿದರು.

ಸೋಮವಾರ ಆ ಕಾರ್ಡನ್ನು ಸಾಹೇಬರ ಮುಂದಿಟ್ಟಾಗ ಅವರು ಎರಡು ಸಲ ಓದಿ, ಬಾಗಿಲು ಹಾಕಿಸಿದರು. ಅವರು ಕೆಟ್ಟವರಲ್ಲ. ನಿಜವಾಗಿ ಭಾವನನ್ನು ಉಳಿಸಬೇಕೆಂದೇ ಹೇಳಿದರು. "ಮೇಸ್ತ್ರಿ, ಬಿಲ್ಲೆ ಕೊಡಿ, ಆ ಡ್ರೈವರ್ ಬಚಾವಾಗ್ಲಿ. ಆದ್ರೆ ತಾರೀಕು ಇವತ್ತಿಂದು ಹಾಕಿ. ಕಂಪನಿ ಪತ್ರ ಬಂತು, ಬಿಚ್ಚಿ ನೋಡ್ದೆ, ಬಿರುಕು ಸಿಕ್ತು. ಅಷ್ಟೇ. ಯಾರಿಗೂ ನಷ್ಟ ಇಲ್ಲ." ನನಗೂ ಅದು ಜಾಣ ಮಾತಾಗಿಯೇ ಕಂಡಿತು. ಒಳಗೊಳಗೇ ಭಾವ ಒಪ್ಪಲಿ ಎಂದು ಬೇಡಿಕೊಂಡೆ. ಒಪ್ಪಿದರೆ ನನ್ನ ತಪ್ಪೂ ಮುಚ್ಚಿಹೋಗುತ್ತಿತ್ತು.

ಭಾವ ಕಾರ್ಡನ್ನು ತಮ್ಮ ಕಡೆ ಎಳೆದುಕೊಂಡರು. "ಇವತ್ತು ಅಂತ ಬರೆದ್ರೆ, ಅವನು ಸಾಯೋಕೆ ಮುಂಚೆ ಯಾರಿಗೂ ಗೊತ್ತಿರ್ಲಿಲ್ಲ ಅಂತಾಗುತ್ತೆ ಸಾರ್. ಗೊತ್ತಿತ್ತಲ್ಲ."

ನಿಯಮದಂತೆ ಅಂದೇ ಗಾಡಿ ನಿಂತಿತು. ನಾನು ಹಲಗೆಯ ಮೇಲಿದ್ದ ಎರಡು ಸಾವಿರದ ನೂರ ತೊಂಬತ್ತನ್ನು ಒರೆಸಿ ಸೊನ್ನೆ ಬರೆದೆ. ಕಂಪನಿಯವನು ಬಂದು ನೋಡಿಕೊಂಡು ಹೋಗಲು ಮೂರು ದಿನ ಹಿಡಿಯಿತು. ಆ ಮೂರು ದಿನ ಊರಿನಲ್ಲಿ ಒಂದು ಕಸದ ಬುಟ್ಟಿಗೂ ಬೆಂಕಿ ಬೀಳಲಿಲ್ಲ. ನಾನು ನನ್ನ ಮೇಜಿನ ಮುಂದೆ ಕೂತು ಆ ಸೊನ್ನೆಯನ್ನು ನೋಡುತ್ತಿದ್ದೆ. ಒಂಬತ್ತು ತಿಂಗಳ ಹಿಂದೆಯೂ ಮೂರೇ ದಿನ ಸಾಕಾಗುತ್ತಿತ್ತು.

ಬಿಲ್ಲೆಯನ್ನು ಅಂಚೆಯಲ್ಲಿ ಕಳಿಸಲು ಭಾವ ಒಪ್ಪಲಿಲ್ಲ. "ಕಳೆದ್ಹೋದ್ರೆ? ಅದೊಂದೇ ಇರೋದು. ಕೈಗೇ ಕೊಡ್ಬೇಕು." ಹತ್ತೊಂಬತ್ತರ ಬೆಳಿಗ್ಗೆ ನಾವಿಬ್ಬರೂ ಬಸ್ಸು ಹತ್ತಿದೆವು. ಮೂರು ಗಂಟೆಯ ದಾರಿ. ಮುಲಾಮಿನ ಡಬ್ಬಿಯನ್ನು ಭಾವ ಎರಡೂ ಅಂಗೈಗಳ ನಡುವೆ ಹಿಡಿದುಕೊಂಡೇ ಕೂತಿದ್ದರು.

ಡ್ರೈವರನ ಮನೆ ಏರುದಾರಿಯ ಕೊನೆಯಲ್ಲಿತ್ತು. ಗೇಟು ತೆರೆದ ಭಾವ ಅಲ್ಲಿಯೇ ನಿಂತುಬಿಟ್ಟರು. ಅಂಗಳದಲ್ಲಿದ್ದ ಸ್ಕೂಟರಿನ ಎರಡೂ ಗಾಲಿಗೆ ಕಲ್ಲು ಕೊಟ್ಟಿತ್ತು. ಅದರ ಪಕ್ಕದ ಮೂರು ಗಾಲಿಯ ಮಕ್ಕಳ ಸೈಕಲ್ಲಿಗೂ ಇಟ್ಟಿಗೆ. ನೀರಿನ ಕೊಡ ತರುವ ಗಾಲಿಬಂಡಿಗೂ ಇಟ್ಟಿಗೆ. ಭಾವ ನನ್ನ ಮುಖ ನೋಡಿದರು.

ಡ್ರೈವರ್ ನಲವತ್ತರ ಸುಮಾರಿನವನು, ಗಡ್ಡ ಬಿಟ್ಟಿದ್ದ. ನಾವು ಯಾವ ಠಾಣೆಯವರೆಂದು ಹೇಳಿದಾಗ ವಿಚಾರಣೆಗೆ ಬಂದವರೆಂದು ತಿಳಿದು, ಕೇಳುವ ಮೊದಲೇ ಪಾಠ ಒಪ್ಪಿಸುವವನಂತೆ ಶುರು ಮಾಡಿದ. "ನಾನೇ ಮರೆತಿರ್ಬೇಕು. ಮೊದಮೊದ್ಲು ಗುಂಡಿ ಎಳೆದೆ ಅಂತ ನೆನಪಿತ್ತು. ನಾಲ್ಕು ಸಲ ಕೇಳಿದ್ರು. ಕೇಳ್ತಾ ಕೇಳ್ತಾ... ಈಗ ಕಣ್ಣು ಮುಚ್ಚಿದ್ರೆ ಗುಂಡಿ ಒಳಗೇ ಇರೋದು ಕಾಣ್ಸುತ್ತೆ. ನಾಳೆ ಒಪ್ಕೊಂಡ್ಬಿಡ್ತೀನಿ." ಒಳಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತಿದ್ದಳು. ಅವನು ಅತ್ತ ನೋಡದೆ ದನಿ ತಗ್ಗಿಸಿದ. "ಸತ್ತೋನು ಇವಳ ತಮ್ಮ. ಕೆಲಸಕ್ಕೆ ಸೇರಿಸಿದ್ದೂ ನಾನೇ. ಅವತ್ತಿಂದ ಇವಳು ನನ್ನ ಜೊತೆ ಮಾತಾಡಿಲ್ಲ. ತಟ್ಟೆ ಇಟ್ಟು ಹೋಗ್ತಾಳೆ."

ಸತ್ತವನೂ ನನ್ನ ಹಾಗೆಯೇ ಅಕ್ಕನ ಕಡೆಯಿಂದ ಬಂದು ತನ್ನ ಭಾವನ ಠಾಣೆಗೇ ಸೇರಿಕೊಂಡವನು. ನನಗೆ ಕೂರಲಾಗಲಿಲ್ಲ, ಎದ್ದು ಗೋಡೆಗೆ ಒರಗಿ ನಿಂತೆ.

ಭಾವ ಡಬ್ಬಿ ತೆರೆದು ಬಿಲ್ಲೆಯನ್ನು ಅವನ ಅಂಗೈಯಲ್ಲಿಟ್ಟರು. "ನೀವು ಗುಂಡಿ ಎಳೆದಿದ್ರಿ," ಎಂದರು. ಆಮೇಲೆ ನಿಧಾನವಾಗಿ, ಅಂಗಳದಲ್ಲಿ ನಮ್ಮ ಗಾಡಿ ಒಂದು ಗೇಣು ಸರಿದದ್ದನ್ನು, ಸದ್ದನ್ನು, ಬಿರುಕನ್ನು ಹೇಳಿದರು. ಕಾರ್ಡಿನ ನಕಲು ಕೊಟ್ಟು, ನಾಳೆ ತಾವೂ ವಿಚಾರಣೆಗೆ ಬಂದು ನಿಲ್ಲುವುದಾಗಿ ಹೇಳಿದರು. ಅವನು ಬಿಲ್ಲೆಯನ್ನು ಬೆಳಕಿಗೆ ಹಿಡಿದು ನೋಡಿದ.

"ಯಾವಾಗ ಸಿಕ್ತು ಇದು?"

"ಒಂಬತ್ತು ತಿಂಗಳಾಯ್ತು."

ತಿಂಗಳು ಎಣಿಸುತ್ತಾ ಅವನ ಬೆರಳುಗಳು ಒಂದೊಂದೇ ಮಡಿಚಿಕೊಂಡವು. ಏಳಕ್ಕೆ ಬಂದು ನಿಂತವು. ಅವನು ತಲೆ ಎತ್ತಲಿಲ್ಲ.

ಆ ಹೆಂಗಸು ಒಳಗೆ ಬಂದಳು. ಗಂಡನ ಮುಂದೆ ನಿಂತು, "ಎಳೆದಿದ್ರಾ?" ಎಂದು ಕೇಳಿದಳು. ಎರಡು ತಿಂಗಳಲ್ಲಿ ಅವನಿಗಾಡಿದ ಮೊದಲ ಮಾತು. ಅವನು ಭಾವನ ಕಡೆ ನೋಡಿದ.

"ಎಳೆದಿದ್ರಮ್ಮ," ಎಂದರು ಭಾವ.

ಆಗ ಅವಳು ಅವರ ಕಡೆ ತಿರುಗಿದಳು. "ನಿಮ್ಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಯಾರಿಗಾದ್ರೂ ಹೇಳಿದ್ರಾ?"

"ಇಲ್ಲ."

ನನಗೂ ಗೊತ್ತಿತ್ತು ಎಂದು ಹೇಳಬೇಕೆಂದು ಬಾಯಿ ತೆರೆದೆ. ಆಗಲಿಲ್ಲ. ಅವಳು ಗಂಡನ ಪಕ್ಕದಲ್ಲಿ ನೆಲದ ಮೇಲೆ ಕುಸಿದು ಕೂತು, ಅವನ ಕೈಯಿಂದ ಬಿಲ್ಲೆ ತೆಗೆದುಕೊಂಡು, "ಇಷ್ಟೇ ಇಷ್ಟು," ಎಂದಳು. ಇನ್ನೊಂದು ಕೈ ಅವನ ಮೊಣಕಾಲ ಮೇಲಿತ್ತು. ಆಮೇಲೆ ಭಾವನಿಗೆ ಹೇಳಿದಳು: "ನೀವಿನ್ನು ಹೋಗಿ ಅಣ್ಣ." ಬೈದಿದ್ದರೆ ಒಳ್ಳೆಯದಿತ್ತು. ಅಣ್ಣ ಎಂದದ್ದನ್ನು ಭಾವ ಕೊನೆಯವರೆಗೂ ಅರಗಿಸಿಕೊಳ್ಳಲಿಲ್ಲ.

ಗೇಟಿನಾಚೆ ಬಂದು ತಿರುಗಿ ನೋಡಿದೆ. ಡ್ರೈವರ್ ಅಂಗಳಕ್ಕೆ ಬಂದು ಮಕ್ಕಳ ಸೈಕಲ್ಲಿನ ಗಾಲಿಯಿಂದ ಇಟ್ಟಿಗೆ ತೆಗೆಯುತ್ತಿದ್ದ. ಸೈಕಲ್ಲು ತುಸು ಸರಿದು ಗೋಡೆಗೆ ತಾಗಿ ನಿಂತಿತು. ಅವನು ಇಟ್ಟಿಗೆ ಹಿಡಿದುಕೊಂಡು ಅದನ್ನೇ ನೋಡುತ್ತಿದ್ದ.

ವಿಚಾರಣೆಯಲ್ಲಿ ಅವನು ಬಿಡುಗಡೆಯಾದ. ಆ ಮಾದರಿಯ ಗಾಡಿಗಳನ್ನೆಲ್ಲ ನಿಲ್ಲಿಸಿ ಬಿಚ್ಚಿ ನೋಡಿದಾಗ ಇನ್ನೂ ಹನ್ನೊಂದರಲ್ಲಿ ಅದೇ ಬಿಲ್ಲೆ ಬಿರುಕು ಬಿಟ್ಟದ್ದು ಗೊತ್ತಾಯಿತು. ಅವುಗಳಲ್ಲಿ ನಾಲ್ಕನ್ನು ಅಲ್ಲಿನ ಮೇಸ್ತ್ರಿಗಳು ತಮ್ಮ ತಮ್ಮ ಜಾಣತನದಲ್ಲಿ ಸರಿಮಾಡಿಟ್ಟಿದ್ದರು, ಒಬ್ಬ ತಾಮ್ರದಲ್ಲಿ, ಒಬ್ಬ ಚರ್ಮದಲ್ಲಿ. ಯಾರೂ ಕಾರ್ಡು ಬರೆದಿರಲಿಲ್ಲ. ಈ ಸುದ್ದಿ ತಂದು ಹೇಳಿದಾಗ ಭಾವನಿಗೆ ಸಮಾಧಾನವಾದೀತೆಂದು ನಾನು ಎಣಿಸಿದ್ದೆ. ಅವರು ಎದ್ದು ಹೋಗಿ ಹೊಲಿಗೆ ಯಂತ್ರದ ಮರದ ತುಂಡುಗಳನ್ನು ಬಿಗಿ ಮಾಡಿದರು. ಅಷ್ಟು ಹೊತ್ತಿಗೆ ಅವರ ಕೆಲಸ ಹೋಗಿತ್ತು. ಸಾಹೇಬರು ಹಲಗೆಯನ್ನು ತಾವೇ ಕಳಚಿ ಉಗ್ರಾಣಕ್ಕೆ ಹಾಕಿದರು.

ಆಮೇಲಿನ ಆರು ವರ್ಷ ಭಾವ ಮನೆಯಲ್ಲಿ ಫ್ಯಾನು, ಮಿಕ್ಸಿ, ನೀರಿನ ಮೋಟಾರು ಸರಿಮಾಡಿಕೊಂಡಿದ್ದರು. ಆ ಉದ್ದನೆಯ ಸ್ಕ್ರೂಡ್ರೈವರನ್ನು ಮತ್ತೆ ಕಿವಿಗೆ ಇಡಲಿಲ್ಲ. ಸರಿಮಾಡಿದ ಪ್ರತಿ ವಸ್ತುವಿನ ಕೆಟ್ಟ ಭಾಗವನ್ನು ಚೀಟಿ ಬರೆದು ಯಜಮಾನರ ಕೈಗೇ ಕೊಡುತ್ತಿದ್ದರು. ಜನ ಅದನ್ನು ಬೀದಿಯಲ್ಲಿ ಎಸೆದು ಹೋಗುತ್ತಿದ್ದರು.

ಕೊನೆಗೆ ಆಸ್ಪತ್ರೆ ಸೇರಿದಾಗ ಅವರ ಮಂಚಕ್ಕೆ ನಾಲ್ಕು ಗಾಲಿಗಳಿದ್ದವು. ಮೂರನೆಯ ದಿನ ಮಧ್ಯಾಹ್ನ ಅಕ್ಕ ಊಟ ತರಲು ಹೋಗಿದ್ದಳು, ನಾನೊಬ್ಬಳೇ ಇದ್ದೆ. ಪಕ್ಕದಲ್ಲಿ ಆಮ್ಲಜನಕದ ಸಿಲಿಂಡರ್ 'ಸ್ಸ್' ಎನ್ನುತ್ತಿತ್ತು. ಎಷ್ಟೋ ವರ್ಷಗಳಿಂದ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನು ಅಂದು ಹೇಳಿದೆ.

"ಭಾವ, ಕಾರ್ಡು ಬೇಕಾ ಅಂತ ನಾನು ಇನ್ನೊಂದ್ಸಲ ಕೇಳ್ಬೇಕಿತ್ತು. ನಗದೆ ಕೇಳ್ಬೇಕಿತ್ತು."

"ಕೇಳಿದ್ರೂ ಬೇಡ ಅಂತಿದ್ದೆ," ಎಂದರು. ಸ್ವಲ್ಪ ಹೊತ್ತು ಸಿಲಿಂಡರಿನ ಕಡೆ ಕಿವಿ ಕೊಟ್ಟು, "ಗಾಲಿಗೆ ಏನಾದ್ರೂ ಇಟ್ಟಿದೀಯಾ?" ಎಂದು ಕೇಳಿದರು.

ಸುತ್ತ ನೋಡಿದೆ. ಇಟ್ಟಿಗೆ ಎಲ್ಲಿ ಬರಬೇಕು? ಕಾಲಿನ ಚಪ್ಪಲಿ ಬಿಚ್ಚಿ ಹಿಂದಿನ ಎರಡು ಗಾಲಿಗಳಿಗೆ ಒಂದೊಂದಾಗಿ ಒತ್ತಿಟ್ಟೆ. "ಇಟ್ಟಿದೀನಿ ಭಾವ." ಅವರು ಬಗ್ಗಿ ನೋಡುವ ಸ್ಥಿತಿಯಲ್ಲಿರಲಿಲ್ಲ. ನನ್ನ ಮಾತನ್ನೇ ನಂಬಿ ಕಣ್ಣು ಮುಚ್ಚಿದರು.

ಸಂಜೆ ಅವರನ್ನು ಕೆಳಗೆ ಒಯ್ಯಲು ಇಬ್ಬರು ಬಂದು, ಮುಖದ ಮೇಲೆ ಬಟ್ಟೆ ಎಳೆದು ಮಂಚ ತಳ್ಳಿದರು. ಅದು ಕದಲಲಿಲ್ಲ. ಇನ್ನೊಮ್ಮೆ ಜೋರಾಗಿ ತಳ್ಳಿದರು. "ಏನೋ ಅಡ್ಡ ಇದೆ," ಎಂದ ಒಬ್ಬ. ಅಕ್ಕ ನನ್ನ ಬರಿಗಾಲನ್ನು ನೋಡಿದಳು. ನಾನೇ ಬಗ್ಗಿ ಎರಡೂ ಚಪ್ಪಲಿ ತೆಗೆದೆ.